ಪಾಪದ ನಿಲುಗಡೆಯೂ ಋಣದ ವಿಮೋಚನೆಯೂ

ಪಾಪಕಾರ್ಯವನ್ನು ನಿಲ್ಲಿಸಿದವನು ಅದರ ಋಣದಿಂದಲೂ ಮುಕ್ತನಾಗುವನೇ? ಧರ್ಮಜಿಜ್ಞಾಸೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ನದಿಯ ನಡುವಣ ಪಾಳುಕೋಟೆಯೊಂದು ನೋಡಹೋದವರ ಮುಂದೆ ಇದನ್ನೇ ಇರಿಸುತ್ತದೆ.

ನದೀಮುಖದಿಂದ ಸುಮಾರು 30 ಕಿಲೋಮೀಟರು ಒಳಗೆ ಒಂದು ಕಿರುದ್ವೀಪವಿದೆ. ಅಲ್ಲಿ ಮುರಿದ ಗೋಡೆಗಳು, ತುಕ್ಕುಹಿಡಿದ ಫಿರಂಗಿಗಳು. ಜೊತೆಗೆ ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಪ್ರಸಿದ್ಧವಾದ ಮಹಾವೃಕ್ಷಗಳ ಜಾತಿಯವೇ ಆದ ಮರಗಳು. 1651ರಲ್ಲಿ ಕುರ್ಲಾಂಡಿನವರು ಕಟ್ಟಿದ ಕೋಟೆಯನ್ನು 1661ರಲ್ಲಿ ಆಂಗ್ಲರು ವಶಪಡಿಸಿಕೊಂಡು, ತಮ್ಮ ದೊರೆಯ ಸಹೋದರನಾದ ಜೇಮ್ಸನ ಹೆಸರನ್ನು ಅದಕ್ಕಿಟ್ಟರು. ದಂತ, ಚಿನ್ನಗಳ ವ್ಯಾಪಾರದೊಡನೆ ಇಲ್ಲಿ ಮನುಷ್ಯರ ವ್ಯಾಪಾರವೂ ನಡೆಯಿತು. ವರ್ತಕನ ಲೆಕ್ಕದಲ್ಲಿ ಎಲ್ಲವೂ ಸರಕೇ.

1807ರಲ್ಲಿ ಆಂಗ್ಲರು ಈ ವ್ಯಾಪಾರವನ್ನು ನಿಷೇಧಿಸಿದರು. 1826ರಲ್ಲಿ ಅದೇ ನದಿಯ ಮುಖದಲ್ಲಿ ಬುಲೆನ್ ಕೋಟೆಯನ್ನು ಕಟ್ಟಿದರು. ಗುಲಾಮರನ್ನು ಸಾಗಿಸುವ ಹಡಗುಗಳನ್ನು ತಡೆಯುವುದೇ ಅದರ ಉದ್ದೇಶ. ಈ ಪರಿವರ್ತನೆ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ 1833ರ ಶಾಸನವು ವಸಾಹತುಗಳಲ್ಲಿನ ಗುಲಾಮರನ್ನು ಬಿಡಿಸುವಾಗ ಒಡೆಯರಿಗೆ 2 ಕೋಟಿ ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿತು. ಬೆವರು ಸುರಿಸಿದವರಿಗೆ ಒಂದು ಕಾಸನ್ನೂ ವಿಧಿಸಲಿಲ್ಲ. ಪಾಪವು ನಿಂತಿತು, ಋಣವು ಉಳಿಯಿತು.

“ಮಾಡಿದವರೂ ಇಲ್ಲ, ಸಹಿಸಿದವರೂ ಇಲ್ಲ, ಮೊಮ್ಮಕ್ಕಳ ತಪ್ಪೇನು?” ಎಂದು ಕೆಲವರು ಆಕ್ಷೇಪಿಸಬಹುದು. ತಾತನ ಪಾಪವು ಮೊಮ್ಮಗನನ್ನು ಅಂಟದೆಂಬುದು ದಿಟವೇ. ಆದರೆ ತಾತನ ಹೊಲವನ್ನು ಉಳುವವನು ಅದರ ಮೇಲಣ ಸಾಲವನ್ನು ಮಾತ್ರ ತನ್ನದಲ್ಲವೆನ್ನಲಾಗದು. ಪಾಪವು ವಂಶಪಾರಂಪರ್ಯವಲ್ಲ; ಅದರಿಂದ ಬಂದ ಸಂಪತ್ತು ವಂಶಪಾರಂಪರ್ಯವಾದುದು.

ಈ ನ್ಯಾಯವು ದೂರದ ದ್ವೀಪಕ್ಕೆ ಮಾತ್ರ ಸಲ್ಲುವಂಥದಲ್ಲ. ಆಳಿನ ಕೂಲಿಯನ್ನು ವರುಷಗಟ್ಟಲೆ ಕಡಿತಗೊಳಿಸಿದವನು ಮುಂದೆ ಸರಿಯಾಗಿ ಕೊಡತೊಡಗಿದರೆ ಒಳ್ಳೆಯದೇ. ಹಿಂದಿನ ಬಾಕಿ ಅಷ್ಟರಿಂದ ತೀರಲಿಲ್ಲ. ಪರರ ಬೆವರನ್ನು ತನ್ನ ಗಳಿಕೆಯೆಂದು ಇಟ್ಟುಕೊಂಡು ಮಾಡುವ ದಾನವು ದಾಸೋಹವೆನಿಸದು. ಮೊದಲು ಬಾಕಿ, ಆಮೇಲೆ ದಾನ, ಸದ್ಗೃಹಸ್ಥನ ಕ್ರಮವಿದು.

2003ರಲ್ಲಿ ಯುನೆಸ್ಕೋ ಈ ದ್ವೀಪವನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 2011ರಲ್ಲಿ ಜೇಮ್ಸನ ಹೆಸರು ಅಳಿದು, ಅಲೆಕ್ಸ್ ಹೇಲಿಯ 1976ರ ಗ್ರಂಥದಿಂದ ಲೋಕವರಿತ ಸೆರೆಯಾಳು ಕುಂಟಾ ಕಿಂಟೆಯ ಹೆಸರು ದ್ವೀಪಕ್ಕೆ ಬಂದಿತು. ಹೆಸರನ್ನು ಹಿಂದಿರುಗಿಸುವುದು ಋಣದ ಮೊದಲ ಕಂತು. ಇತ್ತ ನದಿಯು ದಡವನ್ನು ಕೊರೆಯುತ್ತಿದೆ. ಕಲ್ಲುಗಳು ನೀರುಪಾಲಾದರೂ ಆಗಬಹುದು. ಸಾಲದ ಪತ್ರವು ಹರಿದ ಮಾತ್ರಕ್ಕೆ ಸಾಲವು ತೀರಿತೆಂದು ಯಾವ ಪ್ರಾಮಾಣಿಕನೂ ಹೇಳಲಾರನು.