ಬೇಡಿಕೆಯ ಜೊತೆಗೇ ವಂದನೆ

ಚಿಂತೆಗೂ ಚಿತೆಗೂ ಒಂದು ಸೊನ್ನೆಯ ಅಂತರವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ಸೊಗಸಾಗಿದೆ. ಆದರೆ ಸೊನ್ನೆಯನ್ನು ಅಳಿಸಿದರೆ ಉಳಿಯುವುದು ಚಿತೆಯೇ ಆದುದರಿಂದ, ಚಿಂತೆಯುಳ್ಳವನಿಗೆ ಈ ಮಾತಿನಿಂದ ಯಾವ ಉಪಾಯವೂ ದೊರೆಯುವುದಿಲ್ಲ.

ನಮ್ಮ ಹುನಗುಂದ ಸೀಮೆಯವರಿಗೆ ಚಿಂತೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ರಾಮಥಾಳದ ಎರೆಹೊಲದ ಬದುವಿನ ಮೇಲೆ ಒಂದು ಗಳಿಗೆ ನಿಂತು ನೋಡಿರಿ. ಹಿಂಗಾರಿ ಜೋಳ ಬಿತ್ತುವವನು ಉತ್ತರಿ ಮಳೆ ಬಾರದಿದ್ದರೆ ಹಸ್ತದ ದಾರಿ ಕಾಯುತ್ತಾನೆ. ಹಸ್ತವೂ ಕೈಕೊಟ್ಟರೆ ಚಿತ್ತಿಯ ಕಡೆಗೆ ಮುಖ ಮಾಡುತ್ತಾನೆ. ಬಿತ್ತಿದ ಮೇಲೆ ಬೆಳೆ ಬದುಕುವುದು ಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಈಚಿನ ವರ್ಷಗಳಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲಕ್ಕೆತ್ತಿ ಸುಮಾರು 24,000 ಹೆಕ್ಟೇರು ನೆಲಕ್ಕೆ ಹನಿ ನೀರಾವರಿ ಒದಗಿಸಬೇಕೆಂಬ ಯೋಜನೆ ರಾಮಥಾಳದ ಹೆಸರನ್ನು ದೂರದೂರಕ್ಕೆ ಒಯ್ದಿತು. ಒಳ್ಳೆಯದೇ. ಕೊಳವೆಯಲ್ಲಿ ನೀರು ಬಂದರೆ ಮುಗಿಲು ನೋಡುವ ಚಿಂತೆ ತಪ್ಪೀತು. ಆದರೆ ಅದು ತೆರವು ಮಾಡಿದ ಜಾಗದಲ್ಲಿ ಸರತಿಯ ಚಿಂತೆ, ದರದ ಚಿಂತೆ, ಸಾಲದ ಚಿಂತೆ ಬಂದು ಕೂಡುತ್ತವೆ. ಕಾರಣ ತೀರಿದರೆ ಚಿಂತೆಯೂ ತೀರುವುದೆಂಬುದು ಅರ್ಧ ಸತ್ಯ. ಇನ್ನರ್ಧ, ಬಾರದ ನಾಳೆಯನ್ನು ಇಂದೇ ಹೊತ್ತುಕೊಳ್ಳುವ ನಮ್ಮ ಮನಸ್ಸಿನ ಚಾಳಿ.

ನಿವೃತ್ತನಾದ ಮರುವರ್ಷ ಈ ಚಾಳಿ ನನ್ನನ್ನೂ ಹಿಡಿಯಿತು. ಮಗನ ಕೆಲಸ ಹೋಗಿತ್ತು. ಹೊಲದ ಮೇಲೆ ಸಾಲವಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ತೊಲೆ ಎಣಿಸುವುದೇ ಕೆಲಸ. ಆ ದಿನಗಳಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕ್ರೈಸ್ತ ಕುಟುಂಬವೊಂದಿತ್ತು. ಮನೆಯಾಕೆ ದಾದಿಯಾಗಿ ದುಡಿದು ವಿಶ್ರಾಂತಿ ಪಡೆದವರು. ನಾವೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಮೂಲತಃ ಗುಳೇದಗುಡ್ಡದ ನೇಕಾರ ಮನೆತನ. ಬಾಸೆಲ್ ಮಿಶನ್ನಿನವರು ಗುಳೇದಗುಡ್ಡದಲ್ಲಿ ನೆಲೆಯೂರಿದ್ದು 1851ರಲ್ಲಿ. ಆಕೆಯ ಹಿರಿಯರು ಆಮೇಲೆ ಯಾವಾಗಲೋ ಆ ಮತಕ್ಕೆ ಸೇರಿದವರು. ಯಜಮಾನರು ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅವರ ಪ್ರಾರ್ಥನೆ ನಡುಗೋಡೆಯಾಚೆಯಿಂದ ನಮಗೆ ಕೇಳಿಸುತ್ತಿತ್ತು.

ಅದರಲ್ಲಿ ಬೇಡಿಕೆ ಇರುತ್ತಿತ್ತು; ಅದು ಸಹಜ. ನನ್ನ ಕಿವಿ ನಿಲ್ಲುತ್ತಿದ್ದುದು ಬೇಡಿಕೆಯ ಜೊತೆಗೇ ಬರುತ್ತಿದ್ದ ವಂದನೆಯ ಪಟ್ಟಿಯಲ್ಲಿ. ಅದೂ ಎಂಥ ಪಟ್ಟಿ! ಇವರು ಇಂದು ನಾಲ್ಕು ಚಮಚ ಗಂಜಿ ಕುಡಿದರು, ವಂದನೆ. ಔಷಧದ ಅಂಗಡಿಯವನು ಉದ್ರಿ ಕೊಟ್ಟ, ವಂದನೆ. ಮಧ್ಯಾಹ್ನ ಒಂದು ತಾಸು ನನಗೆ ನಿದ್ದೆ ಹತ್ತಿತು, ವಂದನೆ. ಒಂದು ದಿನ ನಾನು ಕೇಳಿಯೇ ಬಿಟ್ಟೆ: “ಸಿಸ್ಟರ್, ಬೇಡೂದು ಬೇಡ್ರಿ. ಬೇಡಿದ್ದು ಸಿಗೂಕಿಂತ ಮೊದಲ ವಂದನೆ ಯಾಕ?”

“ನಾಳಿಂದು ನನಗ ಕಾಣಂಗಿಲ್ರಿ ಮಾಸ್ತರ. ಇವತ್ತಿಂದು ಕಾಣತೈತಿ. ಕಂಡದ್ದು ಹೇಳಾಕ ಏನ್ ಅಡ್ಡಿ?” ಎಂದರು.

ನಮ್ಮಲ್ಲಿ ಹರಕೆಯುಂಟು. ಮಗು ಗುಣವಾಗಲಿ, ಆಮೇಲೆ ಕಾಯಿ ಒಡೆಸುತ್ತೇನೆ. ಬೆಳೆ ಬರಲಿ, ಆಮೇಲೆ ಜಾತ್ರೆಗೆ ಬರುತ್ತೇನೆ. ಅಲ್ಲಿ ಕೃತಜ್ಞತೆಯೆಂಬುದು ಸಾಲದ ತೀರುವಳಿ. ತೀರುವತನಕ ಚಿಂತೆ ಹೋಗುವುದಿಲ್ಲ. ಹರಕೆಯನ್ನು ನಾನು ಹಳಿಯುತ್ತಿಲ್ಲ. ಕ್ರೈಸ್ತರಲ್ಲಿಯೂ ಹರಕೆ ಹೊರುವವರು ಬೇಕಾದಷ್ಟು ಜನ. ಅಲ್ಲದೆ ಫಲ ಕೈಸೇರುವ ಮೊದಲೇ ವಂದಿಸುವ ಪದ್ಧತಿ ನಮ್ಮ ಒಕ್ಕಲಿಗರಿಗೂ ಹೊಸದಲ್ಲ. ಎಳ್ಳಮಾವಾಸ್ಯೆಯ ದಿನ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಕಡುಬು, ಸಜ್ಜೆರೊಟ್ಟಿ, ಬುತ್ತಿಯ ಎಡೆಯನ್ನು ನಿಂತ ಬೆಳೆಯೊಳಗೆ ಚರಗ ಚೆಲ್ಲುತ್ತೇವಲ್ಲ, ಆಗ ಜೋಳ ಇನ್ನೂ ಕಣಕ್ಕೆ ಬಂದಿರುವುದಿಲ್ಲ. ಅದು ಕಣಜ ಸೇರೀತೆಂದು ಯಾರೂ ಮುಚ್ಚಳಿಕೆ ಬರೆದುಕೊಟ್ಟಿರುವುದಿಲ್ಲ.

ಬೇಡಿಕೆಯನ್ನೂ ವಂದನೆಯನ್ನೂ ಕೂಡಿಸಿ ಹೇಳುವ ಈ ರೀತಿಗೆ ಕ್ರೈಸ್ತರು ಆಧಾರ ಹುಡುಕುವುದು ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ. ಯಾವುದಕ್ಕೂ ಚಿಂತಿಸಬೇಡಿರಿ, ಬೇಕಾದುದನ್ನೆಲ್ಲ ವಂದನೆಯೊಡನೆ ದೇವರಿಗೆ ತಿಳಿಸಿರಿ ಎಂಬುದು ಅಲ್ಲಿನ ಬೋಧೆಯ ಸಾರ. ಹೊಟ್ಟೆ ತುಂಬಿದವನು ಇದನ್ನು ಹೇಳಿದ್ದರೆ ನಾನು ಪುಟ ಮಗುಚುತ್ತಿದ್ದೆ. ಆದರೆ ಪೌಲನು ಅದನ್ನು ಬರೆದದ್ದು ಸೆರೆಯಲ್ಲಿದ್ದು, ವಿಚಾರಣೆಯ ಫಲ ಬದುಕೋ ಸಾವೋ ತಿಳಿಯದೆ. ಹೀಗೆ ಮಾಡಿದವನಿಗೆ ದೊರೆಯುವ ಶಾಂತಿಯನ್ನು ಹೇಳಲು ಅವನು ಬಳಸಿದ ಗ್ರೀಕ್ ಕ್ರಿಯಾಪದವಂತೂ ದಂಡಿನವರ ಮಾತು: ಪಹರೆ ಕಾಯುವುದು ಎಂದರ್ಥ. ಫಿಲಿಪ್ಪಿ ಪಟ್ಟಣ ರೋಮಿನ ನಿವೃತ್ತ ಸೈನಿಕರನ್ನು ನೆಲೆಗೊಳಿಸಿದ ವಸಾಹತು. ಅಲ್ಲಿಯವರಿಗೆ ಆ ಮಾತು ತಟ್ಟನೆ ತಿಳಿದಿರಬೇಕು. ಶತ್ರು ಇಲ್ಲದ ಊರಿಗೆ ಪಹರೆ ಬೇಕಿಲ್ಲ. ಚಿಂತೆಯ ಕಾರಣ ಬಾಗಿಲ ಹೊರಗೆ ನಿಂತೇ ಇರುತ್ತದೆ. ಅದು ಒಳಹೊಕ್ಕು ಯಜಮಾನಿಕೆ ಮಾಡದಂತೆ ತಡೆಯುವುದಷ್ಟೇ ಆ ಶಾಂತಿಯ ಕೆಲಸ. ಇಷ್ಟು ಅಳತೆಯ ಆಶ್ವಾಸನೆಯನ್ನು ನಾನು ನಂಬಬಲ್ಲೆ.

ಈಗಿನವರಿಗೆ ಶಾಸ್ತ್ರದ ಸಾಕ್ಷಿ ಬೇಕು. ಅಮೆರಿಕದ ಎಮನ್ಸ್ ಮತ್ತು ಮೆಕಲಫ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಾರವಾರವೂ ಉಪಕಾರಗಳನ್ನು ಬರೆದಿಟ್ಟವರು ತೊಂದರೆಗಳನ್ನು ಬರೆದಿಟ್ಟವರಿಗಿಂತ ಗೆಲುವಾಗಿದ್ದುದು ಕಂಡುಬಂತು. ಇರಲಿ. ಆದರೆ ಗೆಲುವಾಗಿರಲೆಂದೇ ವಂದಿಸುವುದು ಮತ್ತೆ ಲಾಭದ ಲೆಕ್ಕವಾಗುತ್ತದೆ. ಸಿಸ್ಟರ್ ಯಾರಿಗೋ ವಂದನೆ ಹೇಳುತ್ತಿದ್ದರು, ತಮ್ಮ ಮನಸ್ಸಿಗೆ ಮದ್ದು ಅರೆಯುತ್ತಿರಲಿಲ್ಲ. ಮದ್ದೇ ಬೇಕಾದ ಚಿಂತೆಯೂ ಇದೆ, ಅದಕ್ಕೆ ವೈದ್ಯರಿದ್ದಾರೆ. ಪ್ರಾರ್ಥನೆಯ ಹೆಸರಿನಲ್ಲಿ ಅಂಥವರನ್ನು ಮನೆಯಲ್ಲಿ ಕೂಡಿಹಾಕುವುದನ್ನು ಆಕೆಯೇ ಮೊದಲು ಬಯ್ಯುತ್ತಿದ್ದರು.

ಯಜಮಾನರು ತೀರಿಕೊಂಡ ದಿನ ರಾತ್ರಿಯೂ ಪ್ರಾರ್ಥನೆ ನಡೆಯಿತು. ಏನು ಹೇಳಿಯಾರೆಂದು, ನಾಚಿಕೆಬಿಟ್ಟು ಹೇಳುತ್ತೇನೆ, ನಾನು ಕಿವಿಗೊಟ್ಟೆ. ಸಾವಿಗೆ ಆಕೆ ವಂದನೆ ಹೇಳಲಿಲ್ಲ. ದೇವರ ಚಿತ್ತ ಎಂದು ಅದಕ್ಕೆ ಬಣ್ಣವನ್ನೂ ಹಚ್ಚಲಿಲ್ಲ. ನಲವತ್ತೊಂದು ವರುಷಗಳಿಗೆ ವಂದನೆ ಹೇಳಿದರು, ಮುಂದೆ ಮಾತಾಗಲಿಲ್ಲ.

ಕೆಟ್ಟದ್ದಕ್ಕೆ ವಂದಿಸುವುದು ಬೇರೆ, ಕೆಟ್ಟದ್ದರ ನಡುವೆ ವಂದಿಸುವುದು ಬೇರೆ. ಮೊದಲನೆಯದು ಸುಳ್ಳಾದೀತು. ಜರ್ಮನಿಯ ಐಲೆನ್‌ಬುರ್ಗ್ ಊರಿನ ಪಾದ್ರಿ ಮಾರ್ಟಿನ್ ರಿಂಕಾರ್ಟ್ 1637ರ ಪ್ಲೇಗಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಣಗಳಿಗೆ ಮಣ್ಣುಕೊಟ್ಟನು. ಅವನ ಹೆಂಡತಿಯೂ ಆ ವರ್ಷವೇ ಸತ್ತಳು. ಇಂದಿಗೂ ಲೋಕದ ಚರ್ಚುಗಳು ಹಾಡುವ ಪ್ರಸಿದ್ಧ ವಂದನಾಗೀತೆ ಅವನದೇ. ಅದು ಊಟದ ಹೊತ್ತಿನಲ್ಲಿ ಹೇಳುವ ಪ್ರಾರ್ಥನೆಯಾಗಿ ಹುಟ್ಟಿದ್ದು. ಹೆಣ ಹೂತು ಬಂದವನ ಮನೆಯಲ್ಲೂ ಎಲೆಯ ಮೇಲೆ ಏನೋ ಒಂದಿಷ್ಟು ಬಡಿಸಿದ್ದಿರುತ್ತದೆ.

ಇಷ್ಟರಿಂದ ನನ್ನ ಸಂದೇಹ ಪೂರ್ತಿ ತೀರಲಿಲ್ಲ. ನನ್ನ ಹೊಲಕ್ಕೆ ಮಳೆಯಾಗಿ ಪಕ್ಕದವನ ಹೊಲ ಒಣಗಿದರೆ, ನನ್ನ ವಂದನೆ ಅವನ ಕಿವಿಗೆ ಹೇಗೆ ಕೇಳಿಸೀತು? ಧಾತು ಸಂವತ್ಸರದ ಬರದಲ್ಲಿ, ಎಂದರೆ 1876ರಿಂದ 78ರವರೆಗೆ, ನಮ್ಮ ಈ ಕಲಾದಗಿ ಜಿಲ್ಲೆಯಲ್ಲಿ ಜನ ಹುಳುಗಳಂತೆ ಸತ್ತಾಗ, ಹಗೇವಿನಲ್ಲಿ ಜೋಳವಿದ್ದವನು ದೇವರೇ ನಿನ್ನ ದಯೆ ಎಂದಿದ್ದರೆ ಅದು ಪ್ರಾರ್ಥನೆಯೇ? ಯೇಸುವೇ ಇದನ್ನು ಬಲ್ಲನು. ತಾನು ಇತರರಂತಲ್ಲವೆಂದು ದೇವರಿಗೆ ವಂದನೆ ಹೇಳಿದ ಫರಿಸಾಯನ ಕಥೆ ಲೂಕನ ಸುವಾರ್ತೆಯಲ್ಲಿದೆ. ಅವನ ವಂದನೆ ಅಲ್ಲಿ ಸಲ್ಲಲಿಲ್ಲ. ಅದೇ ರೀತಿ, ಸಂಕಟದಲ್ಲಿರುವವನಿಗೆ “ನಿನಗಿಂತ ಕಷ್ಟದಲ್ಲಿರುವವರನ್ನು ನೋಡಿ ಸಮಾಧಾನ ಪಡು” ಎನ್ನುವ ಉಪದೇಶವೂ ನನಗೆ ಸೇರದು. ಇನ್ನೊಬ್ಬನ ಬರಿಗೈಯನ್ನು ನೋಡಿ ನನ್ನ ಕೈ ತುಂಬಿದೆಯೆಂದು ತಿಳಿಯಬೇಕೆ?

ಸಿಸ್ಟರ್ ಅವರ ಮುಂದೆ ಇದನ್ನಿಟ್ಟಾಗ ಆಕೆ ವಾದ ಮಾಡಲಿಲ್ಲ. “ನಮ್ಮ ಸುಗ್ಗಿ ಹಬ್ಬಕ್ಕ ಬರ್ರಿ” ಎಂದರು. ಹೋದೆ. ಮಂದಿ ತಮ್ಮ ಮೊದಲ ಬೆಳೆಯನ್ನು ಚರ್ಚಿಗೆ ತಂದಿದ್ದರು: ಜೋಳದ ತೆನೆ, ಕಡಲೆ, ಬದನೆಕಾಯಿ, ಕೋಳಿ. ಬೆಳೆ ಕೆಟ್ಟವನೊಬ್ಬ ಒಂದು ಹಿಡಿ ಹುರುಳಿ ತಂದಿಟ್ಟಿದ್ದ. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಲಿಲಾವು. ಬಂದ ಹಣ ಬಡವರ ನಿಧಿಗೆ. ಆ ಹುರುಳಿಗೆ ಕೂಗಿದವರು ಎಷ್ಟು ಜನ! ಪೈಪೋಟಿಯಲ್ಲಿ ನನಗದು ದಕ್ಕಲಿಲ್ಲ. ನಾನು ಒಂದು ಕುಂಬಳಕಾಯಿ ಹೊತ್ತುಕೊಂಡು ಬಂದೆ. ಕೊಟ್ಟ ದುಡ್ಡಿನಲ್ಲಿ ಇಳಕಲ್ಲಿನ ಸಂತೆಯಲ್ಲಿ ಅಂಥವು ಎಂಟು ಬರುತ್ತಿದ್ದವೆಂದು ಮನೆಯವಳು ಈಗಲೂ ಲೆಕ್ಕ ಹೇಳುತ್ತಾಳೆ.