ಗಾಳಿ ಉಟ್ಟು ನೀರಿಗೆ

ಚಳಿನೀರಿಗೆ ಇಳಿಯುವ ಡೈವರ್‌ಗಳು ತೊಡುವ ಡ್ರೈಸೂಟ್ ಯಾರಿಗೂ ಬಿಸಿ ಕೊಡುವುದಿಲ್ಲ. ಬಿಸಿ ನಮ್ಮದೇ, ಬೆಳಿಗ್ಗೆ ತಿಂದ ತಿಂಡಿಯಿಂದ ಹುಟ್ಟಿದ್ದು. ಒಳಉಡುಪಿನ ಎಳೆಗಳ ನಡುವೆ ನಿಂತ ಗಾಳಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಗಾಳಿಯ ಜಾಗಕ್ಕೆ ನೀರು ಬರದಂತೆ ತಡೆಯುವುದಷ್ಟೇ ಸೂಟಿನ ಕೆಲಸ. ಖಾಲಿ ಹೊಟ್ಟೆಯಲ್ಲಿ ಇಳಿದವರು ಎಷ್ಟು ದುಬಾರಿ ಸೂಟು ತೊಟ್ಟರೂ ನಡುಗುತ್ತಾರೆ.

*

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ವೆಟ್‌ಸೂಟ್ ನೀರಿನ ಜೊತೆ ರಾಜಿಗೆ ಒಪ್ಪುತ್ತದೆ: ಸ್ವಲ್ಪ ಒಳಗೆ ಬಿಟ್ಟುಕೊಂಡು ಮೈಶಾಖದಲ್ಲೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಆ ರಾಜಿ ಸಾಕು. ಇಂಗ್ಲೆಂಡಿನ ಸ್ಟೋನಿ ಕೋವ್‌ನಲ್ಲಿ, ಅದೂ ಫೆಬ್ರವರಿಯಲ್ಲಿ, ನಡೆಯುವುದಿಲ್ಲ.

*

ಲೆಸ್ಟರ್‌ಷೈರ್‌ನ ಈ ಸ್ಟೋನಿ ಕೋವ್ ಹಿಂದೆ ಕಲ್ಲುಕ್ವಾರಿ. 1958ರಲ್ಲಿ ಕೆಲಸ ನಿಂತಿತು, ಹಳ್ಳಕ್ಕೆ ನೀರು ತುಂಬಿತು. ಕಲ್ಲು ತೆಗೆದವರು ಬಿಟ್ಟುಹೋದ ಹಂತಗಳೇ ಈಗ ತರಗತಿಗಳು: ಮೊದಲು 6 ಮೀಟರ್, ಆಮೇಲೆ 20ರ ಆಸುಪಾಸು, ಕಟ್ಟಕಡೆಗೆ 35. ನಡುವಿನ ಹಂತದಲ್ಲಿ ಸ್ಟೇನ್‌ಗಾರ್ತ್ ಎಂಬ ಹಳೆಯ ಟಗ್ ದೋಣಿ ಕೂತಿದೆ; ಡೈವರ್‌ಗಳಿಗೆಂದೇ 2000ದಲ್ಲಿ ಮುಳುಗಿಸಿದ್ದು. ಚೆಂದ ನೋಡಲೆಂದು ಯಾರೂ ಇಲ್ಲಿಗೆ ಬರುವುದಿಲ್ಲ. ಕಲಿಯುವವರಿಗೆ ಚೆಂದ ಬೇಡ, ಕಾಲಿಗೆ ಸಿಗುವ ತಳ ಬೇಕು.

*

ಸಿಹಿನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಹಾಗಾಗಿ ಕೊಳದ ಮೇಲ್ಮೈ ಹೆಪ್ಪುಗಟ್ಟಿದರೂ ಆಳದ ನೀರು ಸುಮಾರು 4ರಲ್ಲೇ ನಿಲ್ಲುತ್ತದೆ. ಕೆಳಗೆ ಹೋದಷ್ಟೂ ಚಳಿ ಹೆಚ್ಚುತ್ತಲೇ ಇರುತ್ತದೆ ಎಂದು ಹೆದರುವವರಿಗೆ ಇದನ್ನು ಹೇಳಬೇಕು. ಸಮಾಧಾನವೇನೂ ಆಗುವುದಿಲ್ಲ, ಆದರೂ ಹೇಳಬೇಕು.

*

ತೊಡುವುದೇ ಅರ್ಧ ವಿದ್ಯೆ. ಮಣಿಕಟ್ಟಿನ ಲ್ಯಾಟೆಕ್ಸ್ ಸೀಲಿಗೆ ಪೌಡರ್ ಉದುರಿಸಿ, ಹೆಬ್ಬೆರಳನ್ನು ಅಂಗೈಗೆ ಮಡಚಿ, ಬಳೆಗಾರನ ಮುಂದೆ ಕೂತವರಂತೆ ಕೈ ಸಣ್ಣದು ಮಾಡಿಕೊಂಡು ಮೆಲ್ಲಗೆ ತೂರಿಸಬೇಕು. ಉಂಗುರ, ಗಡಿಯಾರ ಮೊದಲೇ ತೆಗೆದಿಡಬೇಕು. ಉಗುರು ಬೆಳೆದಿದ್ದರೆ ಸೀಲು ಹರಿಯಿತೆಂದೇ ಲೆಕ್ಕ. ಪೌಡರ್‌ಗೆ ಘಮ ಇರಬಾರದು, ಪರಿಮಳದ ಎಣ್ಣೆ ಲ್ಯಾಟೆಕ್ಸನ್ನು ತಿನ್ನುತ್ತದೆ. ಆಮೇಲೆ ಕತ್ತಿನ ಸರದಿ. ಒಂದು ಗಳಿಗೆ ಕತ್ತಲೆ, ರಬ್ಬರಿನ ವಾಸನೆ, ಕಿವಿ ಕಿತ್ತೇಬಂತೇನೋ ಎಂಬ ಉರಿ, ಮತ್ತೆ ಬೆಳಕು. ಸೀಲಿನ ಅಡಿ ಒಂದೆಳೆ ಕೂದಲು ಉಳಿದರೂ ನೀರು ಅದನ್ನೇ ಹಿಡಿದು ಒಳಗೆ ಬರುತ್ತದೆ.

*

ಕತ್ತಿನ ಸೀಲು ಸಡಿಲವಾದರೆ ಮೈ ಒದ್ದೆ. ತೀರಾ ಬಿಗಿಯಾದರೆ ರಕ್ತನಾಳ ಒತ್ತಿ, ಎದೆಬಡಿತ ಇಳಿದು, ತಲೆ ಸುತ್ತುತ್ತದೆ. ಹೊಸ ಸೀಲನ್ನು ಒಂದೊಂದೇ ಉಂಗುರ ಕತ್ತರಿಸುತ್ತ ಅಳತೆಗೆ ತರಬೇಕು. ಕತ್ತರಿ ಕೈಯಲ್ಲಿದ್ದಾಗ ಅವಸರದವರು ದೂರ ಇರುವುದು ಒಳ್ಳೆಯದು.

*

ಬೆನ್ನ ಮೇಲಿನ ಜಿಪ್ಪನ್ನು ಜೊತೆಗಾರರೇ ಎಳೆಯಬೇಕು. ಕೊನೆಯ ಅರ್ಧ ಇಂಚು ಮುಚ್ಚಿತೇ ಎಂದು ಬೆರಳಿಟ್ಟು ನೋಡುವವರ ಜೊತೆ ನೀರಿಗೆ ಇಳಿಯಿರಿ. ನೋಡದೆಯೇ “ಆಯ್ತು, ಆಯ್ತು” ಎನ್ನುವವರ ಜೊತೆ ಚಹಾ ಕುಡಿಯಿರಿ.

*

ಸುಮಾರು 10 ಮೀಟರ್ ಇಳಿದರೆ ಒತ್ತಡ ಇಮ್ಮಡಿ, ಗಾಳಿಯ ಗಾತ್ರ ಅರ್ಧ. ರಾಬರ್ಟ್ ಬಾಯ್ಲ್ 1662ರಲ್ಲಿ ಅಚ್ಚು ಹಾಕಿಸಿದ ನಿಯಮವನ್ನು ಡ್ರೈಸೂಟ್ ಚಿವುಟಿ ಚಿವುಟಿ ಕಲಿಸುತ್ತದೆ. ಸೂಟಿನ ಪ್ರತಿ ಮಡಿಕೆಯೂ ತೊಡೆಯನ್ನು, ಕಂಕುಳನ್ನು ಕಚ್ಚಿ ಹಿಡಿಯುತ್ತದೆ. ಮೇಲೆ ಬಂದು ನೋಡಿಕೊಂಡರೆ ಕೆಂಪು ಬಾಸುಂಡೆ. ಎದೆಯ ಗುಂಡಿಯನ್ನು ಮೆಲ್ಲನೆ ಒತ್ತಿ ಸಿಲಿಂಡರಿನಿಂದ ಸೂಟಿನೊಳಗೆ ಚೂರೇ ಚೂರು ಗಾಳಿ ಬಿಟ್ಟುಕೊಂಡರೆ ಹಿಡಿತ ಸಡಿಲುತ್ತದೆ. ಆ ಚೂರು ಎಷ್ಟು ಎನ್ನುವುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು.

*

ಇಳಿಯುವಾಗ ಕೇಳಿ ಪಡೆದ ಗಾಳಿ ಏರುವಾಗ ಯಜಮಾನಿಕೆ ನಡೆಸುತ್ತದೆ. ಏರಿದಂತೆ ಅದು ಹಿಗ್ಗುತ್ತದೆ, ಹಿಗ್ಗಿದಂತೆ ಇನ್ನೂ ಮೇಲಕ್ಕೆ ಎಳೆಯುತ್ತದೆ. ಹೊರಗೆ ಬಿಡುವ ವಾಲ್ವ್ ಇರುವುದು ಎಡತೋಳಿನಲ್ಲಿ, ಆ ತೋಳು ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಮಾತ್ರ ಗಾಳಿ ಹೋಗುತ್ತದೆ. ಏರುವ ಮೊದಲೇ ಮೊಣಕೈ ಎತ್ತಬೇಕು. ವೇಗ ತಿಳಿದ ಮೇಲೆ ಎತ್ತಿದ ಕೈ ಹೆಚ್ಚಾಗಿ ನೀರಿನ ಹೊರಗೆ ಹೋಗಿ ನಿಲ್ಲುತ್ತದೆ.

*

ಗಾಳಿಗೆ ತಲೆ ಯಾವುದು, ಕಾಲು ಯಾವುದು ಎಂಬ ಭೇದವಿಲ್ಲ. ಮೇಲಿರುವ ಕಡೆಗೆ ಓಡುತ್ತದೆ. ತಲೆ ತೀರಾ ತಗ್ಗಿಸಿದರೆ ಬೂಟಿಗೆ ನುಗ್ಗುತ್ತದೆ, ಬೂಟು ಉಬ್ಬಿ ಫಿನ್ ಕಳಚಬಹುದು, ಮನುಷ್ಯ ಕಾಲು ಮೇಲಾಗಿ ಏರತೊಡಗುತ್ತಾನೆ. ಈಗ ತೋಳಿನ ವಾಲ್ವ್ ಕೆಳಗೆ, ಇದ್ದೂ ಇಲ್ಲದಂತೆ. ಮಂಡಿಯನ್ನು ಎದೆಗೆ ಸೆಳೆದು, ಲಾಗ ಹಾಕಿ ತಲೆ ಮೇಲೆ ಮಾಡಿಕೊಂಡು, ಆಮೇಲೆ ಗಾಳಿ ಬಿಡಬೇಕು. ಇದನ್ನು ಕಡಿಮೆ ಆಳದಲ್ಲಿ ಬೇಕೆಂದೇ ಮಾಡಿಸುತ್ತಾರೆ. ದೊಡ್ಡ ದೊಡ್ಡ ಹುದ್ದೆಯವರು ಕಾಲು ಮೇಲಾಗಿ ತೇಲುವುದನ್ನು ನೋಡಿದರೆ ಉಸಿರಾಟದ ರೆಗ್ಯುಲೇಟರ್ ಕಚ್ಚಿಕೊಂಡೇ ನಗಬೇಕಾಗುತ್ತದೆ. ನನ್ನ ಮಟ್ಟಿಗೆ ಇಡೀ ಡ್ರೈಸೂಟ್ ಕೋರ್ಸಿನಲ್ಲಿ ಬಿಡಲೇಬಾರದ ಪಾಠ ಇದೊಂದೇ.

*

ಚಳಿ ಮೊದಲು ಕಸಿಯುವುದು ಬೆರಳನ್ನು. ಕೊಕ್ಕೆ ಬಿಡಿಸುವುದು ಹೇಗೆಂದು ತಲೆಗೆ ಗೊತ್ತಿರುತ್ತದೆ, ಮರಗಟ್ಟಿದ ಬೆರಳಿಗೆ ಗೊತ್ತಿರುವುದಿಲ್ಲ. ದಡದಲ್ಲೇ ದಪ್ಪ ಗ್ಲೌಸ್ ಹಾಕಿಕೊಂಡು, ನೋಡದೆ ಅಭ್ಯಾಸ ಮಾಡಬೇಕು.

*

ರೆಗ್ಯುಲೇಟರ್‌ಗೂ ಚಳಿಯಾಗುತ್ತದೆ. 200 ಬಾರ್ ಒತ್ತಡದ ಗಾಳಿ ಸಿಲಿಂಡರಿನಿಂದ ಬಿಡುಗಡೆಯಾಗಿ ಹಿಗ್ಗುವಾಗ ಕೊರೆಯುವಷ್ಟು ತಣ್ಣಗಾಗುತ್ತದೆ. ಆಗ ಒಳಗೆ ಮಂಜುಗಡ್ಡೆ ಕಟ್ಟಿ, ವಾಲ್ವ್ ತೆರೆದೇ ನಿಂತು, ಗಾಳಿ ಭೋರೆಂದು ಖಾಲಿಯಾಗುತ್ತದೆ. ಏದುಸಿರು ಬಿಡುವವರಿಗೆ ಇದರ ಕಾಟ ಹೆಚ್ಚು. ಉಸಿರೆಳೆಯುವಾಗ ಸೂಟಿನ ಗುಂಡಿ ಒತ್ತಬೇಡಿ ಎನ್ನುವುದು ಇದಕ್ಕೇ.

*

ಬಹಳ ಆಳಕ್ಕೆ ಹೋಗುವವರು ಹೀಲಿಯಂ ಬೆರೆಸಿದ ಗಾಳಿ ಉಸಿರಾಡುತ್ತಾರೆ, ಸೂಟಿಗೆ ಮಾತ್ರ ಪುಟ್ಟದೊಂದು ಬೇರೆ ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ. ಹೀಲಿಯಂ ಗಾಳಿಗಿಂತ ಸುಮಾರು 6 ಪಟ್ಟು ಬೇಗ ಶಾಖ ಒಯ್ಯುತ್ತದೆ. ಉಸಿರಿಗೆ ಒಳ್ಳೆಯದಾದದ್ದು ಉಡುಗೆಗೂ ಒಳ್ಳೆಯದಾಗಬೇಕೆಂದಿಲ್ಲ.

*

ಐಸ್‌ಲ್ಯಾಂಡಿನ ಸಿಲ್‌ಫ್ರಾ ಬಿರುಕಿನಲ್ಲಿ ವರ್ಷವಿಡೀ 2ರಿಂದ 4 ಡಿಗ್ರಿ ನೀರು. ಹಿಮ ಕರಗಿದ ನೀರು ಲಾವಾ ಕಲ್ಲಿನೊಳಗೆ ದಶಕಗಳ ಕಾಲ ಸೋಸಿ ಬರುವುದರಿಂದ 100 ಮೀಟರ್‌ವರೆಗೂ ಕಣ್ಣು ಓಡುತ್ತದೆ. ಮಬ್ಬು ನೀರಿನಲ್ಲಿ ಕಲಿತವರಿಗೆ ಅಲ್ಲಿ ಹೊಸದೊಂದು ತೊಡಕು: ತಳ ಕೈಗೆ ಸಿಗುವಂತೆ ಕಾಣುತ್ತದೆ, ಆಳದ ಮಾಪಕ ನೋಡದೆ ಇಳಿದುಬಿಡುತ್ತಾರೆ.

*

ಚಳಿ, ನೀರಿನ ಒತ್ತಡ ಎರಡೂ ಸೇರಿ ಮೂತ್ರವನ್ನು ಹೆಚ್ಚಿಸುತ್ತವೆ. ಅದಕ್ಕೆ ಹೆದರಿ ನೀರು ಕುಡಿಯದೆ ಬರುವುದು ಅಪಾಯ. ದೊಡ್ಡವರ ಡೈಪರ್ ಇರುವುದೇ ಇದಕ್ಕೆ. ಪಿಸುದನಿಯಲ್ಲಿ ಕೊನೆಗೆ ಹೇಳುವ ಈ ಮಾತನ್ನು ಮೊದಲ ದಿನವೇ ಗಟ್ಟಿಯಾಗಿ ಹೇಳಬಾರದೇಕೆ?

*

ಸೂಟು ಕಳಚಿದಾಗ ಒಳಗೆ ತೇವವಿದ್ದರೆ ರಿಪೇರಿಗೆ ಓಡಬೇಡಿ. ಮಣಿಕಟ್ಟಷ್ಟೇ ಒದ್ದೆಯಾಗಿದ್ದರೆ, ಮುಷ್ಟಿ ಬಿಗಿದಾಗ ನರ ಎದ್ದು ನಿಂತು ಸೀಲಿನ ಅಡಿ ಸಂದು ಬಿಟ್ಟಿದೆ ಎಂದರ್ಥ. ಕೈ ಸಡಿಲವಾಗಿ ಹಿಡಿದರೆ ಸರಿಹೋಗುತ್ತದೆ. ಬೆನ್ನು ಒದ್ದೆಯಾಗಿದ್ದರೆ ಮೊದಲು ಜಿಪ್ಪನ್ನು ನೋಡಿ. ಜಿಪ್ಪು ಸರಿಯಿದ್ದರೆ ಅದು ಕಾರ್ ಪಾರ್ಕಿನಲ್ಲಿ ಸೂಟು ತೊಟ್ಟು ಹರಟೆ ಹೊಡೆದ ಬೆವರು.