ಟೊಂಕದೊಳಗಿನ ಬೊಗಸೆ

ಯಾದಗಿರಿ ಬದಿಯ ಹತ್ತಿಕುಣಿಯ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದ ಹೆಣ್ಣುಮಗಳು ಏಳುವಾಗ ಎರಡೂ ಅಂಗೈ ಹಿಂದೆ ಟೊಂಕಕ್ಕೆ ಊರುತ್ತಾಳೆ. ‘ಯವ್ವಾ, ನಡ ಹಿಡದದ’ ಎನ್ನುತ್ತಾಳೆ. ಆ ಅಂಗೈಗಳ ಕೆಳಗಿರುವುದು ತ್ರಿಕಾಸ್ಥಿ, ಬೆನ್ನೆಲುಬಿನ ಬುಡದ ಎಲುಬು.

*

ಹುಟ್ಟುವಾಗ ಅದು ಒಂದೆಲುಬಲ್ಲ, ಐದು ಮಣಿ. ಹರೆಯದಲ್ಲಿ ಬೆಸೆಯತೊಡಗಿ 25ರ ಆಸುಪಾಸಿಗೆ ಒಂದಾಗುತ್ತವೆ. ಹದಿನೆಂಟು ತುಂಬುವ ಮೊದಲೇ ಮದುವೆಯಾಗಿ, ತಲೆಮೇಲೆ ಕೊಡ, ಬಗಲಲ್ಲಿ ಕೂಸು ಹೊತ್ತ ಹುಡುಗಿಯ ಎಲುಬು ಇನ್ನೂ ಕೂಡಿ ಮುಗಿದಿರುವುದಿಲ್ಲ. ಇದನ್ನು ತಿಳಿದ ಮೇಲೆ ಅಂಥ ಮದುವೆಯಲ್ಲಿ ಅಕ್ಷತೆ ಹಾಕಲು ನನ್ನ ಕೈ ಏಳದು.

*

ಸುಶ್ರುತ ಸಂಹಿತೆ ಶ್ರೋಣಿಯಲ್ಲಿ, ಅಂದರೆ ಟೊಂಕದ ಭಾಗದಲ್ಲಿ, ಐದು ಎಲುಬು ಎಣಿಸಿ, ಒಂದನ್ನು ತ್ರಿಕದಲ್ಲಿ ಇಟ್ಟಿತು. ಲ್ಯಾಟಿನ್ನಿನವರು ‘ಸೇಕ್ರಮ್’, ಪವಿತ್ರವಾದದ್ದು, ಎಂದರು.

*

ಅದರ ಒಳಮೈ ಬೊಗಸೆಯಂತೆ ಬಾಗಿದೆ. ಹೆರಿಗೆಯಲ್ಲಿ ಕೂಸಿನ ತಲೆ ಇಳಿದುಬರುವ ದಾರಿಗೆ ಅದೇ ಹಿಂಗೋಡೆ. ಹೆಂಗಸರಲ್ಲಿ ಗಿಡ್ಡ, ಅಗಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು. ಅಂಥ ಕೈಗಳಿಗೆ ಈ ಬಾಗು ಗೊತ್ತಾಗಲು ಚಿತ್ರಪಟ ಬೇಕಿರಲಿಲ್ಲ.

*

ಎರಡು ಪಕ್ಕದ ಕೀಲುಮುಖಗಳೂ ಕಿವಿಯ ಆಕಾರ. ಮೈಯ ಮೇಲ್ಭಾರವೆಲ್ಲ ಆ ಕಿವಿಗಳನ್ನು ದಾಟಿಯೇ ಕಾಲಿಗಿಳಿಯುತ್ತದೆ.

*

ಕಮಾನಿನ ನಡುಗಲ್ಲಿಗೆ ಅದನ್ನು ಹೋಲಿಸುವುದುಂಟು. ನನಗೆ ಅರ್ಧವೇ ಒಪ್ಪಿಗೆ. ಮುಂಬದಿ ಹಿಂಬದಿಗಿಂತ ಅಗಲವಾದ್ದರಿಂದ ಭಾರ ಬಿದ್ದಾಗ ಅದು ಒಳಕ್ಕೇ ಜಾರಬೇಕು. ಜಾರಗೊಡದೆ ಹಿಡಿದವು ಹಿಂದಿನ ಗಟ್ಟಿ ಅಸ್ಥಿಬಂಧಗಳು. ಹಗ್ಗಕ್ಕೆ ತೂಗುಬಿದ್ದ ತೊಟ್ಟಿಲು ಎಂದರೆ ನಿಜಕ್ಕೆ ಹತ್ತಿರ. ಬಸುರಿಯಲ್ಲಿ ಕೂಸಿಗೆ ದಾರಿ ಬಿಡಲು ಆ ಹಗ್ಗಗಳೇ ಸಡಿಲಾಗುತ್ತವೆ. ಅವಳ ತಲೆಮೇಲಿನ ಪುಟ್ಟಿಯನ್ನು ಇಳಿಸಿಕೊಂಡವರು ಉಪಕಾರ ಮಾಡಿದಂತಲ್ಲ, ತಮ್ಮ ಪಾಲಿನ ಕೆಲಸ ಮಾಡಿದರು ಅಷ್ಟೆ.

*

ಹಿಂದೆ ಮುಂದೆ ನಾಲ್ಕು ನಾಲ್ಕು ಜೋಡಿ ತೂತು, ಅವುಗಳಲ್ಲಿ ನರಗಳು. ಎರಡು, ಮೂರು, ನಾಲ್ಕನೆಯ ನರಗಳು ಉಚ್ಚೆ, ಕಕ್ಕಸಿನ ಹಿಡಿತವನ್ನು ಕಾಯುತ್ತವೆ. ಹೀಗಾಗಿ ನಡುನೋವಿನ ಜೊತೆ ಕುಂಡಿ, ತೊಡೆಸಂದು ಜೋಮು ಹಿಡಿದು ಉಚ್ಚೆ ಕಟ್ಟಿದರೆ, ಇಲ್ಲವೇ ತಿಳಿಯದೆ ಸೋರಿದರೆ, ಅದು ದುಡಿತದ ನೋವಲ್ಲ. ನಮ್ಮ ಹೆಂಗಸರು ಇದನ್ನೇ ನಾಚಿ ಬಚ್ಚಿಡುವುದು. ಅಕ್ಕ-ತಂಗಿಗಾದರೂ ಹೇಳಬೇಕು, ಆಶಾ ಕಾರ್ಯಕರ್ತೆಗಾದರೂ ಹೇಳಬೇಕು, ಅವತ್ತೇ ಯಾದಗಿರಿಯ ದೊಡ್ಡ ದವಾಖಾನೆಗೆ ಹೋಗಬೇಕು. ರಾಶಿ ಮುಗಿಯಲಿ ಎಂದು ಕಾಯಬಾರದು.